ಗೋದಾಮು ಎಂದು ಕರೆದಾಗ

ಬೇಸಿಗೆಯ ಕೊನೆಯ ವಾರಗಳಲ್ಲಿ ಹಾಲಿಗೆ ತಾಳ್ಮೆ ಇರುವುದಿಲ್ಲ. ಕರೆದ ಗಳಿಗೆಯಿಂದಲೇ ಅದು ಕೆಡುವ ದಾರಿ ಹಿಡಿದಿರುತ್ತದೆ. ಆ ದಾರಿಯಲ್ಲಿ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಓಡುವುದೇ ಡೇರಿಯವರ ಕೆಲಸ. ಆ ಬೆಳಿಗ್ಗೆಯೂ ಹಳ್ಳಿಗಳಿಂದ ಬಂದ ವ್ಯಾನುಗಳು ಅಂಗಳದಲ್ಲಿ ಒಂದರ ಹಿಂದೆ ಒಂದು ನಿಂತಿದ್ದವು. ಕ್ಯಾನುಗಳನ್ನು ನೆಲಕ್ಕೆ ಕುಕ್ಕುವ ಸದ್ದು, ಬಿಗಿದ ಮುಚ್ಚಳವನ್ನು ಬಡಿದು ಸಡಿಲಿಸುವ ಸದ್ದು, ಖಾಲಿ ಕ್ಯಾನಿನೊಳಗೆ ಹಬೆ ನುಗ್ಗುವ ಸದ್ದು ಎಲ್ಲ ಎಂದಿನಂತೆಯೇ ಇತ್ತು. ಎಂದಿನಂತೆ ಇದ್ದದ್ದೇ, ತಂತಿ ಎಂದು ಎಲ್ಲರೂ ಕರೆಯುವವನಿಗೆ ಹೆದರಿಕೆ ಹುಟ್ಟಿಸಿತ್ತು. ಸೂರ್ಯ ಹುಟ್ಟುವ ಮೊದಲೇ ಬಂದು ತಾನು ಇಡೀ ಡೇರಿಯ ಬುಡವನ್ನು ಒಂದು ಕಡೆಯಿಂದ ಕಿತ್ತು ಇನ್ನೊಂದು ಕಡೆ ನೆಟ್ಟಿದ್ದು ಈ ಜನಕ್ಕೆ ಗೊತ್ತಿಲ್ಲ. ಗೊತ್ತಾಗದೆ ಇರುವುದೇ ಕೆಲಸ ಚೆನ್ನಾಗಿ ಆಗಿದೆ ಎಂಬುದರ ಗುರುತು. ಗೊತ್ತಾದರೆ ಮಾತ್ರ ಕೆಟ್ಟಿತು.

ಅವನು ಡೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ಬಂದ ಹೊಸದರಲ್ಲಿ ಯಾವಾಗಲೂ ಹೆಗಲ ಮೇಲೆ ನೀಲಿ ಕೇಬಲಿನ ಸುರುಳಿ ಹೊತ್ತುಕೊಂಡು ಗೋಡೆ ಗೋಡೆ ತಡವುತ್ತಿದ್ದುದರಿಂದ ಕ್ಯಾನು ತೊಳೆಯುವ ಹೆಂಗಸರು ತಂತಿ ಎಂದು ಕರೆದಿದ್ದರು. ಈಗ ಮ್ಯಾನೇಜರ್ ಕೂಡ ಹಾಗೇ ಕರೆಯುತ್ತಿದ್ದ. ಡೇರಿಯ ಲೆಕ್ಕಪತ್ರ, ಹಾಲಿನ ಪರೀಕ್ಷೆ, ಟ್ಯಾಂಕುಗಳ ವಿವರ ಎಲ್ಲ ಒಂದು ಹಳೆಯ ಸರ್ವರಿನಲ್ಲಿ ಇದ್ದವು. ಅದಕ್ಕೆ ಯಾರೋ ಪುಣ್ಯಾತ್ಮರು ಗೋದಾಮು ಎಂದು ಹೆಸರಿಟ್ಟಿದ್ದರು. ಅದು ಒಂದು ವರ್ಷದಿಂದ ಗೂರಲು ಹಿಡಿದ ಎತ್ತಿನ ಹಾಗೆ ಉಸಿರೆಳೆಯುತ್ತಿತ್ತು. ಹೊಸ ಯಂತ್ರ ಬಂತು, ಅದಕ್ಕೆ ಅದರದೇ ಬೇರೆ ಹೆಸರಿತ್ತು. ಆದರೆ ಪರೀಕ್ಷೆಯ ಫಲಿತಾಂಶವನ್ನೂ ಟ್ಯಾಂಕನ್ನೂ ಜೋಡಿಸಿ ಚೀಟಿ ಮುದ್ರಿಸುವ ಪ್ರೋಗ್ರಾಮಿಗೆ ಗೋದಾಮು ಎಂಬ ಒಂದು ಹೆಸರು ಬಿಟ್ಟು ಬೇರೆ ಗೊತ್ತಿಲ್ಲ. ಅದನ್ನು ಬರೆದವನು ಈಗ ಎಲ್ಲಿದ್ದಾನೋ, ಇದ್ದಾನೋ ಇಲ್ಲವೋ. ಹಾಗಾಗಿ ತಂತಿ ಹೊಸ ಯಂತ್ರಕ್ಕೆ ಗೋದಾಮು ಎಂಬುದನ್ನು ಬದಲಿ ಹೆಸರಾಗಿ ಕೊಟ್ಟಿದ್ದ. ಯಾವ ಕಂಪ್ಯೂಟರೇ ಆಗಲಿ ಗೋದಾಮು ಎಲ್ಲಿ ಎಂದು ಕೇಳಿದರೆ ನೆಟ್‌ವರ್ಕು ಹೊಸದರ ಕಡೆ ಕೈ ತೋರಬೇಕು. ಬೆಳಕು ಹರಿಯುವ ಹೊತ್ತಿಗೆ ಕಡತಗಳೆಲ್ಲ ಆ ಕಡೆಗೆ ಹೋಗಿ, ಹಳೆಯದರ ಗುಂಡಿ ಒತ್ತಿ, ಅದರ ಉಸಿರು ನಿಂತು, ಕೋಣೆಯಲ್ಲಿ ಇದ್ದಕ್ಕಿದ್ದಂತೆ ಮೌನ ಬಿದ್ದಾಗ ಅವನ ಕತ್ತಿನ ಹಿಂದೆ ಬೆವರು ತಣ್ಣಗಾಗಿತ್ತು. ತನ್ನ ಮೇಜಿನಿಂದ ಹೊಸದನ್ನು ಅದರ ಸ್ವಂತ ಹೆಸರು ಹಿಡಿದು ಕರೆದ, ತೆರೆಯಿತು. ಅಂಕಿಗಳ ವಿಳಾಸ ಹಾಕಿದ, ತೆರೆಯಿತು. ಗೋದಾಮು ಎಲ್ಲಿದೆ ಎಂದು ನೆಟ್‌ವರ್ಕನ್ನು ಕೇಳಿದ, ಹೊಸದನ್ನೇ ತೋರಿಸಿತು. ಅಷ್ಟಕ್ಕೆ ಕೈ ಒರೆಸಿಕೊಂಡುಬಿಟ್ಟ. ದಾರಿ ಕೇಳಿದ್ದ, ಆ ಹೆಸರಿನಲ್ಲಿ ಬಾಗಿಲು ತಟ್ಟಿರಲಿಲ್ಲ. ತಟ್ಟಿದರೆ ತೆರೆಯದೇ ಹೋದೀತು, ಆಮೇಲೆ ಏನು ಮಾಡುವುದು ಎಂಬ ಅಳುಕು ಬೆರಳಿನ ತುದಿಯವರೆಗೆ ಬಂದು ನಿಂತಿತ್ತು. ಹಿಂದಿನ ದಿನ ಮ್ಯಾನೇಜರಿಗೆ, "ಯಾರಿಗೂ ಗೊತ್ತೇ ಆಗಲ್ಲ ಸರ್" ಎಂದಿದ್ದ. ಯಾಕೆ ಹಾಗಂದೆ ಎಂದು ಈಗ ಯೋಚಿಸುತ್ತಿದ್ದ. ಮ್ಯಾನೇಜರ್ ಏನನ್ನೂ ವಿಚಾರಿಸಿರಲೂ ಇಲ್ಲ. ತನಗೆ ಧೈರ್ಯ ಬೇಕಾದಾಗ ತಂತಿ ಬೇರೆಯವರಿಗೆ ಧೈರ್ಯ ಹೇಳುತ್ತಿದ್ದ.

ಗೋಡೆಯ ಫೋನು ಬಡಿದುಕೊಂಡಿತು. ಟ್ಯಾಂಕು ಕೋಣೆಯಿಂದ ಭಾವ. ಅಕ್ಕನ ಗಂಡ, ಹಾಲು ತಣ್ಣಗಿಡುವ ದೊಡ್ಡ ಟ್ಯಾಂಕುಗಳಿಗೆಲ್ಲ ಮೇಸ್ತ್ರಿ.

"ಏನೋ, ನಿನ್ನ ಪೆಟ್ಟಿಗೆ ಇವತ್ತು ನನ್ನ ಮೇಲೆ ಮುನಿಸಿಕೊಂಡಿದೆ. ಚೀಟಿ ತೆಗೆಯೋಕೆ ಹೋದ್ರೆ ಪ್ರವೇಶ ಇಲ್ಲ ಅಂತಿದೆ. ನಾನೇನು ಕಳ್ಳನಾ?"

"ಬಂದೆ ಭಾವ. ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿ."

"ಎರಡು ಸಲ ಮಾಡ್ದೆ. ಮೂರನೇ ಸಲಕ್ಕೆ ಅದೇ ನನ್ನನ್ನ ಆಫ್ ಮಾಡತ್ತೆ ಅನ್ಸುತ್ತೆ. ನಿಧಾನಕ್ಕೆ ಬಾ, ಅವಸರ ಇಲ್ಲ."

ಅವಸರ ಇಲ್ಲ ಎಂದು ಭಾವ ಹೇಳಿದಾಗಲೆಲ್ಲ ತಂತಿ ಇನ್ನಷ್ಟು ಅವಸರ ಮಾಡುತ್ತಿದ್ದ. ಈ ಕೆಲಸ ಸಿಕ್ಕಿದ್ದೇ ಭಾವನ ಒಂದು ಮಾತಿನಿಂದ. ಮ್ಯಾನೇಜರ್ ಮೂಗು ಮುರಿದು, ಹಿಂದಿನ ಕಡೆ ಯಾಕೆ ಬಿಟ್ಟೆ, ಬಿಟ್ಟೆಯೋ ಬಿಡಿಸಿದರೋ ಎಂದೆಲ್ಲ ಕೇಳುತ್ತಿದ್ದಾಗ, ಬಾಗಿಲ ಬಳಿ ಬೂಟಿನಿಂದ ನೀರು ತೊಟ್ಟಿಕ್ಕಿಸುತ್ತ ನಿಂತಿದ್ದ ಭಾವ, "ಸರ್, ಇವನಿಗೆ ನಾನಿದ್ದೀನಿ" ಎಂದಿದ್ದ. ಆಮೇಲೆ ಆ ಮಾತನ್ನು ಮನೆಯಲ್ಲಾಗಲಿ ಡೇರಿಯಲ್ಲಾಗಲಿ ಒಂದು ಸಲವೂ ಎತ್ತಿರಲಿಲ್ಲ. ಎತ್ತಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಊಟಕ್ಕೆ ಕೂತಾಗ ಅಕ್ಕ ತನ್ನ ತಟ್ಟೆಗೆ ಒಂದು ಸೌಟು ಹೆಚ್ಚು ಹಾಕಿದರೂ ಅವನು ಓರೆಗಣ್ಣಿನಿಂದ ಭಾವನ ತಟ್ಟೆ ನೋಡುತ್ತಿದ್ದ. ಭಾವ ತಲೆ ಬಗ್ಗಿಸಿ ಉಣ್ಣುತ್ತಿರುತ್ತಿದ್ದ, ನೋಡಿದ್ದಾನೋ ಇಲ್ಲವೋ ತಿಳಿಯುತ್ತಿರಲಿಲ್ಲ. ಒಬ್ಬ ಮನುಷ್ಯ ಲೆಕ್ಕ ಇಡುವುದಿಲ್ಲ ಎಂದರೆ ಅವನ ಎದುರು ಕೂತವನೇ ಎರಡೂ ಕಡೆಯ ಲೆಕ್ಕ ಇಡಬೇಕಾಗುತ್ತದೆ.

ಅಂಗಳ ದಾಟುವಾಗ ಮ್ಯಾನೇಜರನ ಕೋಣೆಯ ಗುಮಾಸ್ತೆ ಕಿಟಕಿಯಿಂದ ಕೈ ಬೀಸಿದಳು. ಅವಳಿಗೂ ಗೋದಾಮು ತೆರೆಯುತ್ತಿಲ್ಲ. ಆದರೆ ತೂಕದ ಕೋಣೆಯಲ್ಲಿ ಕೇಳಿದರೆ, "ನಮಗೇನೂ ತೊಂದರೆ ಇಲ್ವಲ್ಲ, ಚೆನ್ನಾಗಿ ಓಡ್ತಿದೆ" ಎಂದರು. ಎಲ್ಲರಿಗೂ ಕೆಟ್ಟಿದ್ದರೆ ಅವನಿಗೆ ಇಷ್ಟು ಭಯವಾಗುತ್ತಿರಲಿಲ್ಲ. ಎಲ್ಲರಿಗೂ ಬಂದ ಜ್ವರಕ್ಕೆ ಒಂದು ಹೆಸರಿರುತ್ತದೆ. ಒಬ್ಬರನ್ನು ಬಿಟ್ಟು ಒಬ್ಬರನ್ನು ಹಿಡಿಯುವುದು ಬೇರೆ ಜಾತಿಯದು. ಟ್ಯಾಂಕು ಕೋಣೆಯಲ್ಲಿ ಕೂತು ಹೊಸ ಯಂತ್ರದ ಸ್ವಂತ ಹೆಸರು ಬರೆದ. ಬಾಗಿಲು ತೆರೆದು ಕಡತಗಳೆಲ್ಲ ಸಾಲಾಗಿ ಕಾಣಿಸಿಕೊಂಡವು. ಗೋದಾಮು ಎಂದು ಬರೆದ, ಪ್ರವೇಶವಿಲ್ಲ. ಅದೇ ಯಂತ್ರ, ಅದೇ ಕಡತ, ಅದೇ ಮನುಷ್ಯ ಕೂತು ಕೇಳುತ್ತಿದ್ದಾನೆ. ಒಂದು ಹೆಸರಿಗೆ ಬಾ ಎನ್ನುತ್ತದೆ, ಇನ್ನೊಂದು ಹೆಸರಿಗೆ ಮುಖಕ್ಕೆ ಹೊಡೆದಂತೆ ಕದ ಮುಚ್ಚುತ್ತದೆ. ಈ ಕಂಪ್ಯೂಟರು ಹಳೆಯ ವಿಳಾಸವನ್ನೇ ನೆನಪಿನಲ್ಲಿ ಇಟ್ಟುಕೊಂಡಿರಬಹುದು ಎಂದು ಅದರ ನೆನಪು ಅಳಿಸಿದ. ಕೇಬಲು ಕಿತ್ತು ಹಾಕಿದ. ಕಡತದ ಮೇಲೆ ಯಾರಿಗೆ ಏನು ಅಧಿಕಾರ ಎಂದು ಒಂದೊಂದಾಗಿ ನೋಡಿದ. ಬೆನ್ನ ಹಿಂದೆ ಟ್ಯಾಂಕುಗಳು ಸಾಲಾಗಿ ನಿಂತು ಗುಂಯ್ ಎನ್ನುತ್ತಿದ್ದವು. ಅವುಗಳ ಹೊಟ್ಟೆಯೊಳಗೆ ದೊಡ್ಡ ರೆಕ್ಕೆಗಳು ಹಾಲನ್ನು ನಿಧಾನಕ್ಕೆ ತಿರುವುತ್ತಿದ್ದವು. ಆ ಸದ್ದು ಯಾರೋ ಹಿಂದೆ ನಿಂತು ಯೋಚಿಸುತ್ತಿರುವ ಹಾಗೆ ಕೇಳಿಸುತ್ತಿತ್ತು.

ಲ್ಯಾಬಿನಲ್ಲೂ ಎಲ್ಲ ಸರಿಯಿತ್ತು. ಲ್ಯಾಬಿನ ಮೇಡಂ ಬಿಳಿ ಕೋಟಿನ ತೋಳು ಮಡಚಿ, ಬೆಚ್ಚಗಿನ ಪೆಟ್ಟಿಗೆಯಿಂದ ಸಣ್ಣ ಸೀಸೆಗಳ ತಟ್ಟೆಯನ್ನು ಹೊರಗೆ ತೆಗೆದಿದ್ದಳು. ಬೆಳಗಿನ ಹಾಲನ್ನು ನೇರಳೆ ಬಣ್ಣದ ಮದ್ದಿನ ಮೇಲೆ ಹಾಕಿ ಮೂರು ಗಂಟೆ ಬೆಚ್ಚಗಿಟ್ಟರೆ ಒಳ್ಳೆಯ ಹಾಲಿನ ಸೀಸೆ ಹಳದಿಗೆ ತಿರುಗುತ್ತದೆ. ಕೆಚ್ಚಲು ಬಾವು ಬಂದ ಹಸುವಿಗೆ ಚುಚ್ಚಿದ ಔಷಧ ಹಾಲಿನಲ್ಲಿ ಇಳಿದಿದ್ದರೆ ಬಣ್ಣ ತಿರುಗುವುದಿಲ್ಲ.

"ಮೇಡಂ, ನಿಮ್ಮ ಯಂತ್ರ ಗೋದಾಮಿಗೆ ಬರೀತಿದೆಯಾ?"

"ಬರೀತಿದೆ. ಬೆಳಿಗ್ಗೆಯಿಂದ ಒಂದ್ಸಲನೂ ತಕರಾರು ಮಾಡಿಲ್ಲ. ಯಾಕೆ ತಂತಿ, ಮುಖ ಯಾಕೆ ಸುಣ್ಣ ಆಗಿದೆ?"

"ಟ್ಯಾಂಕು ಕೋಣೆಯಲ್ಲಿ ಚೀಟಿ ಬರ್ತಿಲ್ಲ."

"ಅಯ್ಯೋ, ಇವತ್ತೇ ಆಗಬೇಕಿತ್ತಾ ಅದು. ನೋಡಿಲ್ಲಿ." ಅವಳು ತಟ್ಟೆಯನ್ನು ಬೆಳಕಿಗೆ ಹಿಡಿದಳು. ಎಲ್ಲ ಹಳದಿ, ನಡುವೆ ಒಂದು ಮಾತ್ರ ನೇರಳೆಯಾಗಿಯೇ ಉಳಿದು, ಕಣ್ಣಿಗೆ ಪೆಟ್ಟು ಬಿದ್ದ ಜಾಗದ ಹಾಗೆ ಕಾಣುತ್ತಿತ್ತು.

"ಯಾವ ಟ್ಯಾಂಕಿನದು?"

"ನನಗೆ ಗೊತ್ತಿರಬಾರದು ಅಂತಾನೇ ಅಲ್ವಾ ಮುಚ್ಚಳದ ಮೇಲೆ ಬರೀ ನಂಬರು ಹಾಕಿರೋದು? ಗೊತ್ತಿದ್ರೆ ನಾನು ಯಾರಿಗಾದ್ರೂ ದಾಕ್ಷಿಣ್ಯ ಮಾಡ್ತೀನಿ ಅಂತ. ಯಾವ ನಂಬರು ಯಾವ ಟ್ಯಾಂಕು ಅಂತ ಆ ಪ್ರೋಗ್ರಾಮಿಗೇ ಗೊತ್ತು. ಹೊಸದಾಗಿ ಹಾಲು ತೆಗೆದು ಮತ್ತೆ ಇಡಬಹುದು, ಇನ್ನು ಮೂರು ಗಂಟೆ ಬೇಕು. ಅಷ್ಟು ಹೊತ್ತು ನಿಮ್ಮ ಭಾವ ಹಾಲನ್ನ ಎಲ್ಲಿ ಇಟ್ಕೋತಾರೆ, ತಲೆ ಮೇಲಾ?"

ತಂತಿ ತನ್ನ ಕೋಣೆಗೆ ಬಂದು ಹೊಸ ಸರ್ವರಿನ ಎದುರಿಗೇ ಕೂತು ಲ್ಯಾಬಿನ ಕಡತ ತೆರೆದ. ನಂಬರುಗಳ ಸಾಲು ಕಂಡಿತು. ಒಂದರ ಮುಂದೆ ಕೆಟ್ಟದ್ದು ಎಂಬ ಗುರುತು. ನಂಬರಿಗೂ ಟ್ಯಾಂಕಿಗೂ ಇರುವ ಗಂಟು ಮಾತ್ರ ಆ ಪ್ರೋಗ್ರಾಮಿನ ಮುಷ್ಟಿಯೊಳಗೆ. ಅದು ಎರಡೇ ಕಂಪ್ಯೂಟರಿನಲ್ಲಿತ್ತು, ಟ್ಯಾಂಕು ಕೋಣೆಯದು ಮತ್ತು ಮ್ಯಾನೇಜರನದು. ಎರಡಕ್ಕೂ ಗೋದಾಮು ಬಾಗಿಲು ತೆರೆಯುತ್ತಿಲ್ಲ. ಲ್ಯಾಬಿನ ಯಂತ್ರ ಒಳಗೆ ಬರೆದು ಹೋಗುತ್ತಿದೆ, ಓದಬೇಕಾದವರು ಹೊರಗೆ ನಿಂತಿದ್ದಾರೆ. ಹಳೆಯದನ್ನೇ ಮತ್ತೆ ಆನ್ ಮಾಡಿ ಕಡತಗಳನ್ನು ವಾಪಸ್ಸು ಹೊತ್ತುಹಾಕೋಣವೆಂದು ಕೈ ಅತ್ತ ಹೋಯಿತು. ಅದೂ ಮೂರು ಗಂಟೆಯ ಕೆಲಸವೇ. ಮೇಲಾಗಿ ಒಂದೇ ಹೆಸರಿನ ಎರಡು ಯಂತ್ರ ಎದ್ದು ಕೂತರೆ ಈಗ ನಡೆಯುತ್ತಿರುವ ಲ್ಯಾಬೂ ತೂಕವೂ ನಿಂತೀತು. ಕೈ ಅರ್ಧದಲ್ಲೇ ನಿಂತಿತು.

"ಗೊತ್ತೇ ಆಗಲ್ಲ ಅಂದಿದ್ದೆ ನೀನು."

ಮ್ಯಾನೇಜರ್ ಯಾವಾಗ ಬಂದು ಬೆನ್ನ ಹಿಂದೆ ನಿಂತಿದ್ದನೋ. ಅವನ ಬಾಯಿಂದ ಏಲಕ್ಕಿಯ ವಾಸನೆ ಬರುತ್ತಿತ್ತು.

"ಇಲ್ಲ ಸರ್, ಅದು, ಹೆಸರಿನಲ್ಲಿ ಏನೋ ಒಂದು ಸಣ್ಣ..."

"ಸಣ್ಣದಾ? ಹೊರಗೆ ನೋಡಿದ್ಯಾ? ಟ್ಯಾಂಕರಿನವನು ಹಾರ್ನ್ ಹೊಡೆದು ಹೊಡೆದು ನನ್ನ ಕಿವಿ ತೂತು ಮಾಡ್ತಿದ್ದಾನೆ. ಸಾಯಂಕಾಲದ ಹಾಲು ಹಳ್ಳಿಯಿಂದ ಹೊರಡೋ ಹೊತ್ತಾಯ್ತು. ಎಷ್ಟು ಹೊತ್ತು ಬೇಕು ಹೇಳು."

"ಈಗ ಆಗತ್ತೆ ಸರ್."

"ಈಗ ಅಂದ್ರೆ ಯಾವಾಗ? ನಿಮ್ಮ ಕಂಪ್ಯೂಟರಿನ ಈಗ ಬೇರೆ, ಹಾಲಿನ ಈಗ ಬೇರೆ." ಗುಮಾಸ್ತೆ ಬಾಗಿಲಲ್ಲಿ ಇದ್ದಳು, ಕ್ಯಾನು ತೊಳೆಯುವ ಹೆಂಗಸೊಬ್ಬಳೂ ಇಣುಕಿ ನೋಡುತ್ತಿದ್ದಳು. ಮ್ಯಾನೇಜರ್ ಅವರಿಗೂ ಕೇಳುವ ಹಾಗೆ, "ಯಾರದೋ ಮಾತಿಗೆ ಕಟ್ಟುಬಿದ್ದು ಜನರನ್ನ ಸೇರಿಸಿಕೊಂಡರೆ ಹೀಗೇ" ಎಂದು ಹೇಳಿ ಹೋದ.

ಆ ಮಾತು ತನ್ನನ್ನು ದಾಟಿ ಟ್ಯಾಂಕು ಕೋಣೆಯವರೆಗೆ ಹೋಗಿ ಭಾವನ ಬೆನ್ನಿಗೆ ತಾಗಿತು ಎಂದು ತಂತಿಗೆ ಅನ್ನಿಸಿತು. ಚಿಕ್ಕವನಿದ್ದಾಗ ಒಂದು ಸಲ ನೆಂಟರ ಮನೆಯ ಬಾವಿಯಲ್ಲಿ ಕೊಡ ಬಿಟ್ಟಿದ್ದ. ಹಗ್ಗ ಕೈಯಿಂದ ಜಾರುತ್ತ ಅಂಗೈ ಸುಡುತ್ತಿದ್ದಾಗ ಅವನು ಕೂಗಿರಲಿಲ್ಲ. ಕೂಗಿದರೆ ಯಾರಾದರೂ ಬಂದು ಹಗ್ಗ ಹಿಡಿಯುತ್ತಿದ್ದರು. ಆದರೆ ಕೂಗಿದರೆ ಬಿಟ್ಟವನು ಯಾರೆಂದು ಗೊತ್ತಾಗುತ್ತಿತ್ತು. ಕೊಡ ನೀರಿಗೆ ಬಿದ್ದ ಸದ್ದು ಮೇಲೆ ಬರುವವರೆಗೂ ಬಾಯಿ ಮುಚ್ಚಿಕೊಂಡು ನಿಂತಿದ್ದ. ಈಗಲೂ ಪರದೆಯ ಮೇಲೆ ಬೆಳ್ಳಗೆ ಬೆಳಗುತ್ತಿದ್ದ ಚೌಕದ ಎದುರು ಅಂಗೈ ಉರಿಯುತ್ತಿತ್ತು. ಪ್ರವೇಶವಿಲ್ಲ. ಯಾಕೆ ಇಲ್ಲ ಎಂದು ಅದು ಹೇಳುವುದಿಲ್ಲ. ಮನುಷ್ಯರೂ ಹೇಳುವುದಿಲ್ಲ, ಹಿಂದಿನ ಕೆಲಸದವರೂ ಹೇಳಿರಲಿಲ್ಲ. ನಾಳೆಯಿಂದ ಬೇಡ ಎಂದಿದ್ದರು, ಅಷ್ಟೆ.

"ಏನೋ, ಬೆವರು ಒರೆಸ್ಕೋ ಮೊದಲು."

ಭಾವ ಬಂದಿದ್ದ. ರಬ್ಬರ್ ಬೂಟು, ಮೊಣಕಾಲಿನವರೆಗೆ ಒದ್ದೆ. ಅವನು ಕುರ್ಚಿಯ ಹಿಂದೆ ನಿಲ್ಲಲಿಲ್ಲ. ಪಕ್ಕದಲ್ಲಿ, ತಂತಿಗೆ ಮುಖ ಕಾಣುವ ಹಾಗೆ ನಿಂತ. ಹೊರಗೆ ಹಾರ್ನು ಉದ್ದಕ್ಕೆ ಒಂದು ಸಲ ಕೂಗಿ ನಿಂತಿತು.

"ಮೂರನೇ ಟ್ಯಾಂಕು ಖಾಲಿ ಮಾಡಲೇಬೇಕು. ಬೇರೆಯವು ನಾಳೆವರೆಗೆ ತಡೀತವೆ. ಮೂರನೇದು ಕುತ್ತಿಗೆವರೆಗೆ ತುಂಬಿದೆ, ಸಾಯಂಕಾಲದ ಹಾಲಿಗೆ ಅದೊಂದೇ ಜಾಗ. ಮೇಡಂ ಹೇಳಿದ್ಲು, ಒಂದು ಸೀಸೆ ಕೆಟ್ಟಿದೆಯಂತೆ. ನಿನ್ನ ಈ ಪೆಟ್ಟಿಗೆಯಲ್ಲಿ ಏನಾದ್ರೂ ಕಾಣ್ಸುತ್ತಾ? ಮೂರನೇದು ಹೇಗಿದೆ?"

ತಂತಿ ಪರದೆ ನೋಡಿದ. ನಂಬರುಗಳ ಸಾಲು ಅಲ್ಲೇ ಇತ್ತು. ಕಾಣುವುದಿಲ್ಲ ಭಾವ, ಎಂದು ಹೇಳಬೇಕಿತ್ತು. ಎರಡು ಪದ. ಆ ಎರಡು ಪದ ಹೇಳಿದರೆ ಭಾವ ಹೋಗಿ ಮ್ಯಾನೇಜರಿಗೆ ಹೇಳಬೇಕು, ಮ್ಯಾನೇಜರ್ ಮತ್ತೆ ಬರಬೇಕು, ಮತ್ತೆ ಆ ಏಲಕ್ಕಿಯ ಉಸಿರು ಕತ್ತಿನ ಮೇಲೆ, ಬಾಗಿಲಲ್ಲಿ ಮುಖಗಳು. ಹತ್ತು ನಿಮಿಷ ಯಾರೂ ತನ್ನನ್ನು ನೋಡದೆ ಇದ್ದರೆ ಸಾಕು, ಇದನ್ನು ಬಿಡಿಸಿಬಿಡುತ್ತೇನೆ. ಕೆಟ್ಟಿರುವುದು ಒಂದೇ ಸೀಸೆ. ಅಷ್ಟು ಟ್ಯಾಂಕುಗಳಲ್ಲಿ ಅದು ಮೂರನೆಯದೇ ಯಾಕೆ ಆಗಬೇಕು?

"ನೋಡ್ದೆ ಭಾವ. ಮೂರನೇದು ಚೆನ್ನಾಗಿದೆ."

"ನೋಡಿದ್ಯಾ?"

"ನೋಡಿದೆ. ಚೀಟಿ ಆಮೇಲೆ ಕೊಡ್ತೀನಿ. ಕಳಿಸಿ."

"ಅಷ್ಟು ಸಾಕು ಬಿಡು." ಭಾವ ಅವನ ಮೇಜಿನ ಮೇಲಿದ್ದ ನೀರಿನ ಲೋಟವನ್ನು ಅವನ ಕಡೆಗೆ ಸರಿಸಿದ. "ಕುಡಿ. ಯಂತ್ರ ಏನು ನಿನ್ನ ತಿಂದುಬಿಡತ್ತಾ?"

ಬೂಟಿನ ಚಪ್ ಚಪ್ ಸದ್ದು ದೂರವಾಯಿತು. ಚೀಟಿ ಇಲ್ಲದೆ ಟ್ಯಾಂಕರ್ ಗೇಟು ದಾಟುವ ಹಾಗಿಲ್ಲ. ಅದು ಡೇರಿಯ ಮೊದಲ ಕಟ್ಟಳೆ. ಆದರೆ ಮೇಸ್ತ್ರಿಯೇ ನಿಂತು ಬಿಡು ಎಂದರೆ ಗೇಟಿನವನು ಬಿಡುತ್ತಾನೆ. ತಂತಿ ಪರದೆಯ ಕಡೆ ಮುಖ ಮಾಡಿ ಕೂತಿದ್ದ, ಏನನ್ನೂ ನೋಡುತ್ತಿರಲಿಲ್ಲ. ಪೈಪು ಬಿಗಿಯುವ ಸದ್ದು, ಪಂಪು ಏರುವ ಸದ್ದು, ಬಹಳ ಹೊತ್ತಿನ ಮೇಲೆ ಪಂಪು ಇಳಿಯುವ ಸದ್ದು. ಒಂದೊಂದು ಸದ್ದಿಗೂ ಈಗಲೂ ಎದ್ದು ಓಡಬಹುದು ಎಂದುಕೊಂಡ. ಗೇಟಿನ ಕಬ್ಬಿಣ ನೆಲಕ್ಕೆ ಉಜ್ಜಿತು. ಟ್ಯಾಂಕರ್ ಗೇರು ಬದಲಿಸಿ ರಸ್ತೆಗೆ ಹತ್ತಿತು. ಅಂಗಳದಲ್ಲಿ ನಿಶ್ಶಬ್ದ. ಯಾರೂ ತನ್ನನ್ನು ನೋಡುತ್ತಿಲ್ಲ. ಬಯಸಿದ್ದು ಸಿಕ್ಕಿತು.

ಹಾಗೆ ಸಿಕ್ಕ ಮೇಲೆ ಕೈ ತಾನಾಗಿ ಸ್ಥಿಮಿತಕ್ಕೆ ಬಂತು ಎನ್ನುವುದೇ ಆಮೇಲೆ ಅವನಿಗೆ ಎಲ್ಲಕ್ಕಿಂತ ಹೇಸಿಗೆಯಾದ ನೆನಪು. ನಿಧಾನವಾಗಿ ಯೋಚಿಸಿದ. ಯಾರಿಗೆ ತೆರೆಯುತ್ತಿದೆ? ಲ್ಯಾಬಿಗೆ, ತೂಕಕ್ಕೆ. ಅವು ಹಳೆಯ ಯಂತ್ರಗಳು, ಡೇರಿಯ ಕಂಪ್ಯೂಟರುಗಳನ್ನು ಒಟ್ಟಿಗೆ ಕಟ್ಟಿದ ಕುಟುಂಬಕ್ಕೆ ಸೇರದವು. ತಮ್ಮ ಗುಪ್ತಪದವನ್ನು ನೇರವಾಗಿ ಬಾಗಿಲಿಗೇ ಹೇಳಿ ಒಳಗೆ ಹೋಗುತ್ತವೆ. ಯಾರಿಗೆ ತೆರೆಯುತ್ತಿಲ್ಲ? ಕುಟುಂಬದ ಕಂಪ್ಯೂಟರುಗಳಿಗೆ. ಅವು ನೇರವಾಗಿ ಹೋಗುವುದಿಲ್ಲ. ಮೊದಲು ಎಲ್ಲರ ಹೆಸರೂ ಬಲ್ಲ ನಡುವಿನ ಕಾವಲು ಯಂತ್ರದ ಬಳಿ ಹೋಗಿ, ನಾನು ಗೋದಾಮಿಗೆ ಹೋಗಬೇಕು, ಒಂದು ಗುರುತು ಕೊಡು ಎನ್ನುತ್ತವೆ. ಕಾವಲು ಯಂತ್ರ ಗೋದಾಮು ಎಂಬ ಹೆಸರು ಯಾರದೆಂದು ನೋಡಿ, ಆ ಹೆಸರಿನವರ ಬೀಗ ಹಾಕಿ ಗುರುತನ್ನು ಕೊಡುತ್ತದೆ. ಬೀಗವನ್ನು ಅವರೇ ತೆಗೆಯಬೇಕು. ಆ ಹೆಸರು ಯಾರದೆಂದು ಅಲ್ಲಿ ಬರೆದಿದೆ? ಕಾವಲು ಯಂತ್ರವನ್ನು ತೆರೆದು ಕೇಳಿದ. ಮೂಲೆಯಲ್ಲಿ ತಣ್ಣಗೆ ಬಿದ್ದಿದ್ದ ಹಳೆಯ ಯಂತ್ರದ ಹೆಸರು ಬಂತು.

ಬೆಳಿಗ್ಗೆ ಅದನ್ನು ಅಲ್ಲಿಂದ ಅಳಿಸಬೇಕಿತ್ತು. ಅಳಿಸುವ ಜಾಗಕ್ಕೆ ಹೋಗಿಯೂ ಇದ್ದ. ಖಚಿತವೇ ಎಂದು ಅದು ಕೇಳಿದಾಗ, ಏನಾದರೂ ಎಡವಟ್ಟಾದರೆ ಹಳೆಯದನ್ನೇ ಮತ್ತೆ ಎಬ್ಬಿಸಿ ಕೂರಿಸಬಹುದು, ಇರಲಿ ಎಂದು ಹಿಂದೆ ಬಂದಿದ್ದ. ಎಡವಟ್ಟು ಆಗದಿರಲೆಂದು ಉಳಿಸಿಕೊಂಡದ್ದೇ ಎಡವಟ್ಟಾಗಿತ್ತು. ಹೊರಗೆ ಹಾಲು ಕಾದು ನಿಂತಿದ್ದ ಇಡೀ ಬೆಳಿಗ್ಗೆ ಹೊಸ ಯಂತ್ರದ ಕೈಗೆ ಹಳೆಯ ಯಂತ್ರದ ಬೀಗ ಹಾಕಿದ ಗುರುತುಗಳು ಬಂದು ಬೀಳುತ್ತಿದ್ದವು. ಅದು ತೆಗೆಯಲಾಗದೆ ವಾಪಸ್ಸು ಕಳಿಸುತ್ತಿತ್ತು. ಹಳೆಯದರಿಂದ ಹೆಸರು ಕಿತ್ತು ಹೊಸದರ ಮೇಲೆ ಬರೆದ. ಐದು ನಿಮಿಷ ಹಿಡಿಯಲಿಲ್ಲ. ಟ್ಯಾಂಕು ಕೋಣೆಗೆ ಹೋಗಿ, ಅಲ್ಲಿನ ಕಂಪ್ಯೂಟರಿನಿಂದ ಹೊರಬಂದು ಮತ್ತೆ ಒಳಹೋಗಿ, ಗೋದಾಮು ಎಂದು ಬರೆದ. ತೆರೆಯಿತು. ಒಂದು ಕ್ಷಣ, ದೇವರಾಣೆಗೂ ಒಂದೇ ಕ್ಷಣ, ಅವನಿಗೆ ಸಂತೋಷವಾಯಿತು. ಪ್ರೋಗ್ರಾಮು ತನ್ನಷ್ಟಕ್ಕೆ ಎದ್ದು ಬೆಳಗಿನ ಚೀಟಿಗಳನ್ನು ಮುದ್ರಿಸತೊಡಗಿತು. ಒಂದನೆಯದು, ಸರಿ. ಎರಡನೆಯದು, ಸರಿ. ಮೂರನೆಯದು ಹೊರಗೆ ಬರುವಾಗ ಕಾಗದದ ತುದಿ ಹಿಡಿದುಕೊಂಡಿದ್ದ. ಯಂತ್ರ ನಿಧಾನವಾಗಿ ಅವನ ಬೆರಳುಗಳ ನಡುವೆ ಅದನ್ನು ತಳ್ಳಿತು. ಔಷಧದ ಅಂಶ ಇದೆ. ತಡೆಹಿಡಿಯಿರಿ.

ಹಾಲು ಪಟ್ಟಣದ ದೊಡ್ಡ ಡೇರಿಗೆ ಹೋಗುತ್ತದೆ. ಅಲ್ಲಿ ಎಲ್ಲ ಊರಿನ ಹಾಲಿನ ಜೊತೆ ಬೆರೆಯುತ್ತದೆ. ಬೆಳಗಾದರೆ ಪೊಟ್ಟಣದಲ್ಲಿ ಮಕ್ಕಳಿರುವ ಮನೆಗಳ ಬಾಗಿಲಿಗೆ. ಕೆಲವರ ಮೈಗೆ ಆ ಔಷಧ ಆಗುವುದಿಲ್ಲ, ಗಂಟಲು ಊದಿ ಉಸಿರು ಕಟ್ಟುತ್ತದೆ ಎಂದು ಲ್ಯಾಬಿನ ಮೇಡಂ ಒಮ್ಮೆ ಹೇಳಿದ್ದಳು. ತಂತಿ ಓಡಿದ. ಅಂಗಳದಲ್ಲಿ ಚೆಲ್ಲಿದ ನೀರಿನಲ್ಲಿ ಕಾಲು ಜಾರಿ ಮಂಡಿ ಬಡಿಯಿತು. ಕ್ಯಾನು ತೊಳೆಯುವವರು ನಕ್ಕರು, ಅವನ ಮುಖ ನೋಡಿ ನಗು ನಿಲ್ಲಿಸಿದರು. ಮ್ಯಾನೇಜರನ ಮೇಜಿನ ಮೇಲೆ ಚೀಟಿ ಇಟ್ಟ. ಮ್ಯಾನೇಜರ್ ಓದಿದ, ಅವನ ಬಣ್ಣ ಇಳಿಯಿತು. ಡ್ರೈವರಿಗೆ ಫೋನು ಮಾಡಿದ. ಹೊಡೆದುಕೊಂಡಿತು, ಎತ್ತಲಿಲ್ಲ. ಮತ್ತೆ. ಎತ್ತಲಿಲ್ಲ. ಈ ನಡುವೆ ಯಾರೋ ಹೋಗಿ ಭಾವನನ್ನು ಕರೆತಂದಿದ್ದರು. ಭಾವ ಚೀಟಿಯನ್ನು ಒಂದು ಸಲ ನೋಡಿ, ಅಂಗೈಯಿಂದ ಬಾಯಿ ಒರೆಸಿಕೊಂಡು ಗೋಡೆಗೆ ಆತು ನಿಂತ. ಮತ್ತೆ ಫೋನು. ಆ ಕಡೆಯಿಂದ ಬಾಯಲ್ಲಿ ತುತ್ತಿಟ್ಟುಕೊಂಡ ದನಿ ಕೇಳಿಸಿತು. "ಊಟ ಮಾಡೋಕೆ ನಿಲ್ಲಿಸಿದ್ದೆ ಸರ್. ಯಾಕೆ, ಏನಾಯ್ತು?"

"ವಾಪಸ್ ಬಾ. ಒಂದು ಹನಿ ಎಲ್ಲೂ ಇಳಿಸಬೇಡ. ಈಗಲೇ ಬಾ."

ಫೋನು ಇಟ್ಟ ಮೇಲೆ ಮ್ಯಾನೇಜರ್ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿದ್ದ. ಕಣ್ಣು ತೆರೆದಾಗ ಭಾವನನ್ನೇ ನೋಡಿದ.

"ಚೀಟಿ ಇಲ್ಲದೆ ಯಾಕೆ ಬಿಟ್ಟೆ?"

"ಟ್ಯಾಂಕು ತುಂಬಿತ್ತು ಸರ್."

"ತುಂಬಿದ್ರೆ ನನ್ನ ಕೇಳಬೇಕಿತ್ತು. ಇಷ್ಟು ವರ್ಷ ಇಲ್ಲದ ಧೈರ್ಯ ಇವತ್ತು ಎಲ್ಲಿಂದ ಬಂತು? ಯಾರಾದರೂ ಸರಿಯಿದೆ ಅಂತ ಹೇಳಿದ್ರಾ?"

ಗೋಡೆಯ ಮೇಲೆ ಫ್ಯಾನಿನ ನೆರಳು ತಿರುಗುತ್ತಿತ್ತು. ಭಾವ ತಂತಿಯ ಕಡೆ ನೋಡಲಿಲ್ಲ. ನೋಡದಿರಲು ಪ್ರಯತ್ನ ಪಟ್ಟ ಹಾಗೂ ಇರಲಿಲ್ಲ, ಅಲ್ಲಿ ತಂತಿ ಎಂಬುವನು ನಿಂತೇ ಇಲ್ಲವೆಂಬ ಹಾಗೆ ಮ್ಯಾನೇಜರನನ್ನು ನೋಡಿ, "ಯಾರೂ ಹೇಳಿಲ್ಲ. ನಾನೇ ಬಿಟ್ಟೆ" ಎಂದ.

"ಬೀಗದ ಕೈ ಕೊಡು. ಇವತ್ತಿಂದ ಬರಬೇಡ. ಮೇಲಿನವರು ಏನು ಹೇಳ್ತಾರೋ ನೋಡೋಣ."

ಸೊಂಟದಿಂದ ಬಿಚ್ಚಿದ ಗೊಂಚಲು ಮೇಜಿನ ಮೇಲೆ ಬಿದ್ದ ಸದ್ದಿಗೆ ತಂತಿಯ ಮೈ ಬೆಚ್ಚಿತು. ಹಗ್ಗ ಜಾರುತ್ತಿತ್ತು. ಕೂಗಲಿಲ್ಲ.

ಟ್ಯಾಂಕರ್ ಬಿಸಿಲು ಇಳಿಯುವ ಹೊತ್ತಿಗೆ ಮರಳಿ ಬಂತು. ಹಿತ್ತಿಲಿನ ಗುಂಡಿಗೆ ಪೈಪು ಬಿಟ್ಟರು. ಹಾಲು ಮೊದಲು ನೊರೆ ನೊರೆಯಾಗಿ, ಆಮೇಲೆ ಸದ್ದಿಲ್ಲದೆ ದಪ್ಪಗೆ ಇಳಿಯಿತು. ಒಣಗಿದ ಮಣ್ಣು ಮೊದಮೊದಲು ಅದನ್ನು ಕುಡಿದು ಆಮೇಲೆ ಬೇಡವೆಂಬಂತೆ ಬಿಟ್ಟುಬಿಟ್ಟಿತು. ಬೆಳಿಗ್ಗೆ ಎಷ್ಟೋ ಕೊಟ್ಟಿಗೆಗಳಲ್ಲಿ ಕತ್ತಲಿರುವಾಗಲೇ ಎದ್ದು, ಕರುವನ್ನು ಎಳೆದು ಕಟ್ಟಿ ಕರೆದ ಹಾಲು. ಎಲ್ಲರೂ ನಿಂತು ನೋಡುತ್ತಿದ್ದರು. ಸತ್ತವರ ಮನೆಯ ಮುಂದೆ ನಿಂತ ಹಾಗೆ ಯಾರೂ ಜೋರಾಗಿ ಮಾತಾಡಲಿಲ್ಲ. ತಂತಿ ಅಲ್ಲಿಂದ ತಿರುಗಿ ನೇರ ಮ್ಯಾನೇಜರನ ಕೋಣೆಗೆ ನಡೆದ. ಹೊಸಿಲಿನ ಬಳಿ ಕಾಲು ತಡೆಯಿತು. ಈಗ ನಿಂತುಬಿಟ್ಟರೆ ಇನ್ನು ಎಂದಿಗೂ ದಾಟಲಾರೆ ಎಂದು ದಾಟಿದ.

"ಸರ್. ಮೂರನೇ ಟ್ಯಾಂಕು ಸರಿಯಿದೆ ಅಂತ ಭಾವನಿಗೆ ಹೇಳಿದ್ದು ನಾನು."

ಮ್ಯಾನೇಜರ್ ತಲೆ ಎತ್ತಲಿಲ್ಲ. "ಬಾಗಿಲು ಹಾಕು" ಎಂದ. ತಂತಿ ಹಾಕಿದ.

"ಎಲ್ಲರಿಗೂ ಈಗ ಗೋದಾಮು ತೆರೀತಿದೆಯಾ?"

"ತೆರೀತಿದೆ ಸರ್. ನಾನೇ ಸರ್ ಅವರಿಗೆ ಹೇಳಿದ್ದು, ಅವರದ್ದು ಏನೂ..."

"ನಾನು ಕೇಳಿಸಿಕೊಂಡಿಲ್ಲ." ಈಗ ಅವನು ತಲೆ ಎತ್ತಿದ. ಅವನ ಕಣ್ಣಿನಲ್ಲಿ ಸಿಟ್ಟು ಇರುತ್ತದೆಂದು ತಂತಿ ಅಂದುಕೊಂಡಿದ್ದ. ಅಲ್ಲಿ ಇದ್ದದ್ದು ತನ್ನ ಕಣ್ಣಿನಲ್ಲಿರುವ ಹೆದರಿಕೆಯೇ. "ನೋಡು ತಂತಿ. ಒಬ್ಬ ಮೇಸ್ತ್ರಿ ಕಟ್ಟಳೆ ಮುರಿದ, ಕಳಿಸಿದ್ವಿ ಅಂತ ಮೇಲೆ ಹೇಳಿ ಆಗಿದೆ. ಒಬ್ಬ ಅಂದ್ರೆ ಅಲ್ಲಿಗೆ ಮುಗಿಯತ್ತೆ. ಇಬ್ಬರು ಅಂದ್ರೆ, ಕೆಲಸದ ದಿನ ಸರ್ವರ್ ಬದಲಾಯಿಸೋಕೆ ಒಪ್ಪಿದವನು ಯಾರು ಅಂತ ಮೂರನೆಯವನನ್ನ ಹುಡುಕ್ತಾರೆ. ನನಗೂ ಮನೆ ಇದೆ. ಹೋಗು. ನಾಳೆ ಬೇಗ ಬಾ."

ಅಂಗಳಕ್ಕೆ ಬಂದಾಗ ಸಾಯಂಕಾಲದ ವ್ಯಾನುಗಳು ಒಳಗೆ ಬರುತ್ತಿದ್ದವು. ಮೂರನೆಯ ಟ್ಯಾಂಕನ್ನು ಬಿಸಿನೀರಿನಿಂದ ತೊಳೆದು ಆಗಲೇ ತುಂಬತೊಡಗಿದ್ದರು, ಬೇರೆ ಯಾರೋ ಕೂಗಿ ಹೇಳುತ್ತಿದ್ದರು, ಹಾಲು ಹಾಗೇ ಹರಿಯುತ್ತಿತ್ತು. ಭಾವ ಗೇಟಿನ ಹೊರಗೆ ರಸ್ತೆಯ ಅಂಚಿನಲ್ಲಿ ನಿಂತಿದ್ದ. ಬೂಟು ಕಳಚಿ ಚಪ್ಪಲಿ ಹಾಕಿಕೊಂಡಿದ್ದ. ಹಾಗಾಗಿ ಒಂದು ಗೇಣು ಗಿಡ್ಡವಾದ ಹಾಗೆ ಕಂಡ. ಇಬ್ಬರೂ ಮನೆಯ ಕಡೆ ನಡೆಯತೊಡಗಿದರು. ರಸ್ತೆಯ ಎರಡೂ ಬದಿಯ ಹೊಲಗಳು ಉತ್ತು ಬಿಟ್ಟು ಮಳೆಗೆ ಬಾಯಿ ತೆರೆದುಕೊಂಡಿದ್ದವು.

"ಒಳಗೆ ಯಾಕೆ ಹೋಗಿದ್ದೆ?"

"ಹೇಳೋಕೆ."

"ಹೇಳ್ದೆಯಾ?"

"ಹೇಳ್ದೆ. ಕೇಳಿಸಿಕೊಂಡಿಲ್ಲ ಅಂದ್ರು."

ಭಾವ ಮೂಗಿನಲ್ಲಿ ನಕ್ಕ. "ಹುಚ್ಚ. ನಾನು ಬಾಯಿ ಮುಚ್ಚಿಕೊಂಡಿದ್ದು ಯಾಕೆ ಮತ್ತೆ? ಮನೇಲಿ ಒಬ್ಬನಾದ್ರೂ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗಲಿ ಅಂತ. ನಿಮ್ಮಕ್ಕನ ಹತ್ರ ಇದೆಲ್ಲ ಉಗುಳಬೇಡ, ನಾನು ಹೇಳ್ಕೋತೀನಿ." ಸ್ವಲ್ಪ ದೂರ ನಡೆದರು. ಆಮೇಲೆ ಭಾವ, ಬಹಳ ಹೊತ್ತಿನಿಂದ ಯೋಚಿಸಿ ತನಗೆ ತಾನೇ ಸಮಾಧಾನ ಮಾಡಿಕೊಂಡವನ ಹಾಗೆ, "ನಾನೂ ನೋಡಿದೀನಿ ಆ ನಂಬರುಗಳನ್ನ, ಇರುವೆ ಸಾಲಿನ ಹಾಗೆ ಇರ್ತವೆ. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಇರಲಿಲ್ಲ ನಿಂಗೆ, ಮೇಲಿಂದ ಅವನು ಬೇರೆ ಕೂಗಾಡಿದ್ದ. ನೋಡೋವಾಗ ಒಂದು ಸಾಲು ಮೇಲೆ ಕೆಳಗೆ ಆಗಿದೆ, ಅಷ್ಟೇ. ಯಾರ ಕಣ್ಣಿಗಾದ್ರೂ ಆಗತ್ತೆ. ಅಲ್ವಾ?" ಎಂದ.

ತಂತಿ ನಿಂತ. ಭಾವನೂ ನಿಂತು ಅವನ ಮುಖ ನೋಡಿದ. ಕಾಯುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದ. ಮ್ಯಾನೇಜರನ ಹೊಸಿಲು ದಾಟಿದ್ದ ಕಾಲುಗಳು ಇವೇ. ನಾನು ನೋಡಿರಲೇ ಇಲ್ಲ ಭಾವ. ಅಷ್ಟು ಹೇಳಬೇಕಿತ್ತು. ಎದುರಿಗೆ ದಣಿದ, ಕೆಲಸ ಕಳೆದುಕೊಂಡ, ಗಡ್ಡದ ಮೇಲೆ ಹಾಲಿನ ಒಂದು ಒಣಗಿದ ಕಲೆ ಅಂಟಿಕೊಂಡಿದ್ದ ಮುಖ. ಅದರಲ್ಲಿ ತನ್ನ ಬಗ್ಗೆ ಒಂದು ಚೂರೂ ಅನುಮಾನ ಇರಲಿಲ್ಲ.

"ಹೂಂ ಭಾವ" ಎಂದ.

"ಮತ್ತೆ? ಬಾ, ಹೊತ್ತಾಯ್ತು" ಎಂದು ಭಾವ ಅವನ ಭುಜದ ಮೇಲೆ ಕೈ ಹಾಕಿದ.